ಹದಿನಾಲ್ಕು ಹಾಲಿ, ಹನ್ನೆರಡು ಕಲ್ದಾರ್

ಸಣ್ಣ ತಾತ ಹಡಗು ಹತ್ತಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಯುದ್ಧಕ್ಕೆ ಹೋದ ಎನ್ನಲಿಲ್ಲ. ಗುಳೆ ಹೋದ ಎಂದರು. ಆಗ ಎರಡನೇ ಮಹಾಯುದ್ಧ ನಡೆದಿತ್ತು, ಅವನು ಹತ್ತಿದ್ದು ಆ ಯುದ್ಧಕ್ಕೆ ಸರಕು ಹೊರುತ್ತಿದ್ದ ಹಡಗು, ಜರ್ಮನ್ ಜಲಾಂತರ್ಗಾಮಿಗಳು ಹೊಂಚು ಹಾಕಿದ್ದ ದಾರಿಯಲ್ಲೇ ಅದು ಓಡಾಡಿತ್ತು ಎಂಬುದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ. ದೇವದುರ್ಗ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಜನ ಊರು ಬಿಡುತ್ತಾರೆ. ಅಂದು ಮುಂಬೈಗೆ, ಇಂದು ಬೆಂಗಳೂರಿಗೆ. ಅವನು ಬಿಟ್ಟದ್ದೂ ಹಾಗೆಯೇ. ಅವನ ಪಾಲಿಗೆ ಸಮುದ್ರವೆಂದರೆ ಕೂಲಿ ಸಿಗುವ ಇನ್ನೊಂದು ಜಾಗ.

ಅವನು ನನ್ನ ತಾತನ ತಮ್ಮ. ನಮ್ಮದು ಕೃಷ್ಣೆಯ ದಂಡೆಯ ಮನೆತನ, ದೇವದುರ್ಗ ತಾಲ್ಲೂಕಿನ ಕೊಪ್ಪರದ ಆಸುಪಾಸಿನದು. ಹರಗೋಲು ಹಾಕಿ ಜನರನ್ನು, ಕುರಿಮರಿಗಳನ್ನು, ಜೋಳದ ಚೀಲಗಳನ್ನು ದಾಟಿಸುವುದು ಕಸುಬು. ಹೊಳೆ ತುಂಬಿದಾಗ ಕೆಲಸ, ಇಳಿದಾಗ ಜನ ನಡೆದೇ ದಾಟುತ್ತಿದ್ದರು. ಎರಡು ಸಂಸಾರ ಸಾಕುವಷ್ಟು ದುಡಿಮೆ ಅದರಲ್ಲಿರಲಿಲ್ಲ. ಹಾಗಾಗಿ ಅಣ್ಣ ಘಾಟು ಹಿಡಿದ, ತಮ್ಮ ರಾಯಚೂರಿಗೆ ಬಂದು ಸ್ಟೇಷನ್ನಿನಲ್ಲಿ ಹತ್ತಿ ಅಂಡಿಗೆ ಎತ್ತುವ ಹಮಾಲಿ ಹಿಡಿದ. 1871ರಲ್ಲೇ ಮುಂಬೈ ಕಡೆಯ ಜಿಐಪಿ ರೈಲು, ಮದರಾಸು ಕಡೆಯ ರೈಲು ಎರಡೂ ಬಂದು ಕೂಡಿದ್ದು ರಾಯಚೂರಿನಲ್ಲಿ. ಆಮೇಲೆ ನಮ್ಮ ಜಿಲ್ಲೆಯ ಹತ್ತಿ ಜಿನ್ನಿಂಗ್ ಆಗಿ ಮುಂಬೈ ಮುಟ್ಟುವುದು ಹಗುರವಾಯಿತು. ಹತ್ತಿ ಹೋದ ಹಳಿಯ ಮೇಲೆ ಹತ್ತಿ ಹೊತ್ತವರೂ ಹೋದರು. ನಿಜಾಮನ ಸೀಮೆಯಿಂದ ಹೋದ ಕಾಮಾಠಿ ಕೂಲಿಗಳಿಂದಲೇ ಮುಂಬೈನ ಒಂದು ಪೇಟೆಗೆ ಕಾಮಾಠಿಪುರ ಎಂದು ಹೆಸರಾಗಿದೆ. ಸಣ್ಣ ತಾತ ಆ ದಾರಿಯಲ್ಲಿ ಮೊದಲಿಗನೂ ಅಲ್ಲ, ಕೊನೆಯವನೂ ಅಲ್ಲ.

ಅವನ ಹೆಂಡತಿ ಮಾನ್ವಿಯ ಹೆಣ್ಣುಮಗಳು. ನಾವು ಸಣ್ಣಾಯಿ ಎನ್ನುತ್ತಿದ್ದೆವು. ಈ ಬರಹ ಶುರುವಾದದ್ದು ಅವಳಿಂದ.

ಗಂಡ ಮುಂಬೈಗೆ ಹೋದ ಮೇಲೆ ಆಕೆ ತವರಿಗೆ ಬಂದಳು. ತಿಂಗಳಿಗೆ ಹದಿನಾಲ್ಕು ರೂಪಾಯಿ ಬರುತ್ತಿತ್ತಂತೆ. ರಾಯಚೂರಿನ ಹತ್ತಿ ಅಡತಿಯವರೊಬ್ಬರಿಗೆ ಮುಂಬೈಯಲ್ಲಿ ವ್ಯವಹಾರವಿತ್ತು, ಅವರ ಕೈಯಿಂದ ಹಣ ಬರುತ್ತಿತ್ತು. ನಿಜಾಮನ ರಾಜ್ಯದೊಳಗೆ ಕೈಗೆ ಬರುತ್ತಿದ್ದುದು ಹಾಲಿ ಸಿಕ್ಕಾ. ಎರಡು ವರ್ಷಕ್ಕೂ ಮೇಲೆ ತಪ್ಪದೆ ಬಂದ ದುಡ್ಡು ಒಂದು ಚಳಿಗಾಲದಲ್ಲಿ ನಿಂತಿತು. ಮುಂದೆ ದುಡ್ಡೂ ಇಲ್ಲ, ಸುದ್ದಿಯೂ ಇಲ್ಲ. 1948ರಲ್ಲಿ ರಜಾಕಾರರ ಹಾವಳಿಗೆ ಹೆದರಿ ಆಕೆಯ ತವರಿನವರು ತುಂಗಭದ್ರೆ ದಾಟಿ ಮದರಾಸು ಪ್ರಾಂತದ ಕಡೆ ಹೋದಾಗ ಅಡತಿಯವರು ಕೊಟ್ಟ ಚೀಟಿಗಳಿದ್ದ ತಗಡಿನ ಪೆಟ್ಟಿಗೆ ಮಾನ್ವಿಯಲ್ಲೇ ಉಳಿಯಿತು. ತಿರುಗಿ ಬಂದಾಗ ಮನೆ ಇತ್ತು, ಪೆಟ್ಟಿಗೆ ಇರಲಿಲ್ಲ.

ನಾನು ಕಂಡ ಸಣ್ಣಾಯಿ ಎರಡೂ ಕೈ ತುಂಬ ಹಸಿರು ಬಳೆ ಹಾಕಿಕೊಂಡ, ಹಣೆಯಲ್ಲಿ ಕುಂಕುಮವಿದ್ದ ಮುದುಕಿ. ಕೂಲಿಗೆ ಹೋಗಿ ಶೇಂಗಾ ಬಿಡಿಸುತ್ತಿದ್ದಳು, ತುಂಗಭದ್ರೆಯ ಕಾಲುವೆ ಬಂದ ಮೇಲೆ ಭತ್ತದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದಳು. ಬಳೆ ಒಡೆದರೆ ಅಂದೇ ಹೊಸದು ಇಡಿಸಿಕೊಳ್ಳುತ್ತಿದ್ದಳು. ಓಣಿಯ ಕೆಲವು ಮನೆಯವರು ಉಡಿ ತುಂಬುವಾಗ ಅವಳನ್ನು ಕರೆಯುತ್ತಿರಲಿಲ್ಲ. ಕರೆಯಬಾರದು ಎಂಬ ಹಟವೇನೂ ಅಲ್ಲ. ಕರೆಯಬೇಕೋ ಬಾರದೋ ಅವರಿಗೇ ತಿಳಿಯುತ್ತಿರಲಿಲ್ಲ. ಮುತ್ತೈದೆಯೆಂದರೆ ಗಂಡ ಎಲ್ಲಿ? ವಿಧವೆಯೆಂದರೆ ಬಳೆ ಯಾಕೆ? ಈ ಎರಡು ಪ್ರಶ್ನೆಗಳ ನಡುವೆ ಅವಳು ನಲವತ್ತು ವರ್ಷಕ್ಕೂ ಹೆಚ್ಚು ಬದುಕಿದಳು.

1980ರ ದಶಕದಲ್ಲಿ ಸರ್ಕಾರ ವಿಧವಾ ವೇತನ ಕೊಡಲು ಶುರು ಮಾಡಿದಾಗ ನಮ್ಮ ಚಿಕ್ಕಪ್ಪ ಅರ್ಜಿ ತಂದು ಅವಳ ಮುಂದಿಟ್ಟ. ಮರಣ ಪ್ರಮಾಣಪತ್ರ ಬೇಕಿತ್ತು. ಅದಿಲ್ಲದಿದ್ದರೆ, ಏಳು ವರ್ಷ ಯಾರಿಗೂ ಸುಳಿವು ಸಿಗದವನು ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು, ಆಗಿನ ಸಾಕ್ಷ್ಯ ಕಾಯ್ದೆಯ 108ನೇ ಕಲಮು ಹಾಗೆ ಹೇಳುತ್ತಿತ್ತು, ಕೋರ್ಟಿನಿಂದ ಸತ್ತನೆಂದೇ ಆದೇಶ ತರಬಹುದು ಎಂದು ವಕೀಲರೊಬ್ಬರು ತಿಳಿಸಿದರು. ದಾರಿಯಿತ್ತು. ಸಣ್ಣಾಯಿ ಅರ್ಜಿಯನ್ನು ಮುಟ್ಟಲಿಲ್ಲ.

"ನನ್ನ ಗಂಡ ಸತ್ತಾನಂತ ನಾನೇ ಹೆಬ್ಬಟ್ಟು ಒತ್ಲೇನು? ರೊಕ್ಕ ನಿಂತೈತಿ ಅಷ್ಟ. ರೊಕ್ಕ ನಿಂತ್ರ ಮನಿಷಾ ಸತ್ತಂಗೇನು?"

ಚಿಕ್ಕಪ್ಪ ಸಿಟ್ಟಾಗಿ ಎದ್ದು ಹೋದ. ನಾನು ಅಲ್ಲೇ ಇದ್ದೆ. ಆ ಮಾತು ಆಗ ನನಗೆ ಮುದುಕಿಯ ಹಟದಂತೆ ಕೇಳಿಸಿತು. ಕೆಲವೇ ವರ್ಷಗಳಲ್ಲಿ ಅವಳು ತೀರಿಕೊಂಡಳು. ಬಳೆ ಹಾಕಿಯೇ ಮಣ್ಣು ಮಾಡಬೇಕು ಎಂದು ಹೇಳಿಟ್ಟಿದ್ದಳು, ಹಾಗೆಯೇ ಮಾಡಿದರು.

ಅವನ ಬಗ್ಗೆ ಅವಳಿಗೆ ಗೊತ್ತಿದ್ದುದು ಬೆರಳೆಣಿಕೆಯ ಸಂಗತಿ. ಹಡಗಿನಲ್ಲಿ ಬೆಂಕಿಗೆ ಕಲ್ಲಿದ್ದಲು ಒಯ್ಯುವ ಕೆಲಸ. ಹಡಗಿನ ಹೆಸರು "ಸಿಟಿ ಅಂತ ಏನೋ". ಮೊದಲ ಸಲ ದುಡ್ಡು ಬಂದದ್ದು ದಸರೆಯ ಹೊತ್ತಿಗೆ. ತಿಂಗಳಿಗೆ ಹದಿನಾಲ್ಕು. ಈ ಹದಿನಾಲ್ಕನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ ನಮ್ಮ ಮನೆಯ ಮಕ್ಕಳೆಲ್ಲರಿಗೂ ಅದು ಬಾಯಿಪಾಠ.

ನಾನು ನೌಕರಿಯಿಂದ ಬಿಡುವಾದ ಮೇಲೆ ಹುಡುಕಲು ಕೂತೆ. ಮೊದಲು ಸಿಕ್ಕಿದ್ದು ನಮ್ಮದೇ ಮನೆಯ ಕಾಗದ. ತಾತ ಘಾಟಿನ ಗುತ್ತಿಗೆಯ ಪತ್ರಗಳನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದ. ಎಲ್ಲ ಉರ್ದು. ನಿಜಾಮನ ಕಾಲದಲ್ಲಿ ಕಚೇರಿ, ಕೋರ್ಟು, ಶಾಲೆ ಎಲ್ಲವೂ ಉರ್ದುವಿನಲ್ಲೇ ನಡೆಯುತ್ತಿದ್ದವು. ಕನ್ನಡ ಮನೆಯಲ್ಲಿ ಮತ್ತು ಹೊಳೆಯ ದಂಡೆಯಲ್ಲಿ. ರಾಯಚೂರಿನ ತೀನ್ ಕಂದೀಲ್ ಹತ್ತಿರ ನಿವೃತ್ತ ಉರ್ದು ಮಾಸ್ತರರೊಬ್ಬರಿದ್ದರು. ಗುಮಾಸ್ತರ ಕೂಡಕ್ಷರವನ್ನು ಅವರು ಭೂತಗನ್ನಡಿ ಹಿಡಿದು ಓದುತ್ತಿದ್ದರೆ ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ತಾರೀಖುಗಳು ಫಸಲಿ ಲೆಕ್ಕದವು. ವರ್ಷ ಆರಂಭವಾಗುವುದು ಆಜೂರ್ ತಿಂಗಳಿಂದ, ಅಂದರೆ ಅಕ್ಟೋಬರ್ ಮೊದಲ ವಾರದಿಂದ. 1350 ಫಸಲಿಯ ಆಜೂರ್ ಎಂದರೆ 1940ರ ಅಕ್ಟೋಬರ್. ಆ ವರ್ಷದ ಪತ್ರದಲ್ಲಿ ಅಣ್ಣ ತಮ್ಮ ಇಬ್ಬರ ಹೆಸರೂ ಇವೆ, ತಂದೆಯ ಹೆಸರಿದೆ. 1351ರ ಪತ್ರದಲ್ಲಿ ಅಣ್ಣನದೊಂದೇ ಹೆಸರು. ಅವನು ಊರು ಬಿಟ್ಟ ಕಾಲ ಹೀಗೆ ಒಂದು ವರ್ಷದೊಳಗೆ ಬಂದು ನಿಂತಿತು. ಮಾಸ್ತರರು ದುಡ್ಡು ತೆಗೆದುಕೊಳ್ಳಲಿಲ್ಲ. ಅವರ ತಂದೆಯೂ ದಖನ್ನಿನಿಂದ ಎಲ್ಲಿಗೋ ಹೋಗಿ ತಿರುಗಿ ಬಂದಿದ್ದವರಂತೆ. ಎಲ್ಲಿಗೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಹಡಗು ಹತ್ತುವ ಬಗೆಯನ್ನು ನಾನು ಓದಿ ತಿಳಿಯಬೇಕಾಯಿತು. ಬ್ರಿಟನ್ನಿನ ವ್ಯಾಪಾರಿ ಹಡಗುಗಳಲ್ಲಿ ದುಡಿದ ಭಾರತೀಯರನ್ನು ಲಸ್ಕರ್ ಎಂದು ಕರೆಯುತ್ತಿದ್ದರು. ಯುದ್ಧ ಆರಂಭವಾದಾಗ ಅವರು ಐವತ್ತು ಸಾವಿರದಷ್ಟಿದ್ದರು, ಬ್ರಿಟಿಷ್ ವ್ಯಾಪಾರಿ ನೌಕಾಬಲದ ಸುಮಾರು ಕಾಲು ಪಾಲು. ಕಲ್ಕತ್ತೆಯಲ್ಲಿ ಹತ್ತಿದವರು ಸಿಲ್ಹೆಟ್, ನೌಖಾಲಿ, ಚಿತ್ತಗಾಂಗಿನವರು. ಮುಂಬೈಯಲ್ಲಿ ಹತ್ತಿದವರು ರತ್ನಾಗಿರಿ, ಗುಜರಾತಿನ ದಡದವರು, ಪಂಜಾಬಿಗಳು, ಪಠಾಣರು, ಅಡುಗೆ ಮತ್ತು ಸಲೂನಿಗೆ ಗೋವೆಯವರು. ಕೂಲಿಗಳನ್ನು ಕೂಡಿಸುವವನು ಸಾರಂಗ. ಅವನ ಕೈ ಬೆಚ್ಚಗೆ ಮಾಡದೆ ಹಡಗಿಲ್ಲ. ಸಾರಂಗರು ತಮ್ಮ ಊರಿನವರನ್ನೇ ಕರೆದೊಯ್ಯುತ್ತಿದ್ದುದರಿಂದ ಒಂದು ಹಡಗು ಮುಳುಗಿದರೆ ಒಂದೇ ಊರಿನ ಹಲವು ಮನೆಗಳಲ್ಲಿ ದೀಪ ಆರುತ್ತಿತ್ತು. ಯುದ್ಧದಲ್ಲಿ ಜನ ಸಾಲದಾದಾಗ ಸಮುದ್ರ ಕಾಣದ ನಮ್ಮಂಥ ಸೀಮೆಯ ಗಂಡಸೂ ಹತ್ತಬಹುದಾಯಿತು.

ಕೂಲಿ ಬಿಳಿಯ ನಾವಿಕನದರ ನಾಲ್ಕರಲ್ಲಿ ಒಂದು ಪಾಲಿನಷ್ಟು. ಮಲಗುವ ಜಾಗವನ್ನೂ ಕಾನೂನು ಅಳೆದಿತ್ತು: ಬಿಳಿಯನಿಗೆ 120 ಘನ ಅಡಿ, ಲಸ್ಕರನಿಗೆ 36. ಬಾಯ್ಲರಿನ ಕೆಳಗಿನ ಸೆಕೆಯನ್ನು ಭಾರತೀಯರು ಹೆಚ್ಚು ತಾಳುತ್ತಾರೆ ಎಂಬುದು ಕಂಪನಿಗಳು ಕೊಡುತ್ತಿದ್ದ ಕಾರಣ. ರಾಯಚೂರಿನ ಬಿಸಿಲು ಕಂಡವರು ನಾವು. ಬಿಸಿಲು ತಾಳುವುದು ಬೇರೆ, ನೀರಿನ ಮಟ್ಟಕ್ಕಿಂತ ಕೆಳಗೆ, ಕತ್ತಲೆಯ ಕೋಣೆಯಿಂದ ಕುಲುಮೆಯ ಬಾಯಿಗೆ ತಾಸುಗಟ್ಟಲೆ ಕಲ್ಲಿದ್ದಲು ತಳ್ಳುವುದು ಬೇರೆ. ಟಾರ್ಪಿಡೊ ಬಡಿದರೆ ಮೇಲೆ ಬರಲು ಅವರಿಗೆ ಹೊತ್ತೇ ಸಿಗುತ್ತಿರಲಿಲ್ಲ. 1939ರಲ್ಲಿ ಯುದ್ಧ ಸಾರಿದ ಕೂಡಲೇ ಬ್ರಿಟನ್ನಿನ ಬಂದರುಗಳಲ್ಲಿ ಲಸ್ಕರರು ಕೆಲಸ ನಿಲ್ಲಿಸಿ ಕೂತರು, ಸಾವಿನ ದಾರಿಗೆ ಹಳೆಯ ಕೂಲಿ ಸಾಲದು ಎಂದರು. ನೂರಾರು ಜನ ಜೈಲಿಗೆ ಹೋದರು. ಆ ವರ್ಷದ ಕೊನೆಗೆ ಕೂಲಿ ಏರಿತು. ಸಣ್ಣಾಯಿ ಎಣಿಸಿದ ಹದಿನಾಲ್ಕರಲ್ಲಿ ಆ ಜೈಲುವಾಸದ ಪಾಲೂ ಇದೆ ಎಂದು ತಿಳಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.

ಯುದ್ಧದಲ್ಲಿ ಸತ್ತ ಭಾರತೀಯ ನಾವಿಕರು ಆರೂವರೆ ಸಾವಿರದ ಆಸುಪಾಸು. 1940ರ ಸೆಪ್ಟೆಂಬರ್ 17ರಂದು ಸಿಟಿ ಆಫ್ ಬನಾರಸ್ ಎಂಬ ಹಡಗನ್ನು ಅಟ್ಲಾಂಟಿಕ್ಕಿನಲ್ಲಿ ಯು-48 ಮುಳುಗಿಸಿತು. ಕೆನಡಾಕ್ಕೆ ಕಳಿಸುತ್ತಿದ್ದ 77 ಬ್ರಿಟಿಷ್ ಮಕ್ಕಳು ಅದರಲ್ಲಿ ಸತ್ತರು, ಆ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಅದೇ ಹಡಗಿನಲ್ಲಿ ನೂರಕ್ಕೂ ಹೆಚ್ಚು ಲಸ್ಕರರು ಸತ್ತರು. ಇದನ್ನು ಓದಿದಾಗ "ಸಿಟಿ ಅಂತ ಏನೋ" ಎಂಬ ಮಾತು ನೆನಪಾಗಿ ಎದೆ ಧಸಕ್ಕೆಂದಿತು. ಆದರೆ ಘಾಟಿನ ಪತ್ರ ನನ್ನನ್ನು ತಡೆಯಿತು. 1940ರ ಅಕ್ಟೋಬರಿನಲ್ಲಿ ಅವನ ಹೆಸರು ಕೃಷ್ಣೆಯ ದಂಡೆಯಲ್ಲೇ ಇದೆ. ಎಲ್ಲರ್‌ಮನ್ ಎಂಬ ಕಂಪನಿಯ ಬಹುಪಾಲು ಹಡಗುಗಳ ಹೆಸರು "ಸಿಟಿ ಆಫ್" ಎಂದೇ ಆರಂಭವಾಗುತ್ತಿತ್ತು. ಯುದ್ಧದಲ್ಲಿ ಆ ಕಂಪನಿ ತನ್ನ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿತು.

ಮುಂಬೈಯ ಮಸ್ಜಿದ್ ಬಂದರಿನ ಹತ್ತಿರ ಭಾರತೀಯ ನಾವಿಕರ ವಸತಿಗೃಹವಿದೆ. ಮೊದಲ ಮಹಾಯುದ್ಧದಲ್ಲಿ ಸಮುದ್ರದಲ್ಲಿ ಸತ್ತ ಎರಡು ಸಾವಿರಕ್ಕೂ ಹೆಚ್ಚು ನಾವಿಕರ ಸ್ಮಾರಕ ಅಲ್ಲಿದೆ. ಎರಡನೇ ಯುದ್ಧದವರಿಗೆ ಹೆಸರುಗಳ ಪುಸ್ತಕ. ಅದರ ಇನ್ನೊಂದು ಪ್ರತಿ ಬಾಂಗ್ಲಾದೇಶದ ಚಿತ್ತಗಾಂಗಿನ ಯುದ್ಧ ಸ್ಮಶಾನದಲ್ಲಿದೆ. ಹಡಗಿನಿಂದ ಮರಳದ ಮನುಷ್ಯನನ್ನು ಹುಡುಕುವವರು ಮೊದಲು ನೋಡಬೇಕಾದ್ದು ಅದನ್ನೇ.

ನೋಡಿದೆ. ಅವನ ಹೆಸರನ್ನು ಮುಂಬೈಯ ಗುಮಾಸ್ತ ಹೇಗೆ ಕೇಳಿಸಿಕೊಂಡಿರಬಹುದು ಎಂದು ಯೋಚಿಸಿ ಎಷ್ಟೋ ಬಗೆಯಲ್ಲಿ ಬರೆದುಕೊಂಡು ಹೋಗಿದ್ದೆ. ಊರಿನದೂ ಹಾಗೆಯೇ, ಅಂದಿನ ಇಂಗ್ಲಿಷ್ ಗೆಜೆಟಿಯರುಗಳಲ್ಲಿ ದೇವದುರ್ಗ "ದೇವದ್ರುಗ್" ಆಗಿದೆ. ಹೈದರಾಬಾದ್ ಎಂದು ಬರೆದಿದ್ದರೆ ಅದು ಸಿಂಧಿನದೋ ದಖನ್ನಿನದೋ ಎಂಬ ಪ್ರಶ್ನೆ ಬೇರೆ. ಹೆಸರುಗಳ ಪಕ್ಕ ತಂದೆಯ ಹೆಸರು, ಊರು, ಕೆಲವಕ್ಕೆ ಅದೂ ಇಲ್ಲ. ಹದಿನೆಂಟು, ಇಪ್ಪತ್ತರ ಹುಡುಗರಿದ್ದರು. ಯಾರದೋ ಮಕ್ಕಳ ಹೆಸರನ್ನು ನಾನು ಬೆರಳಿಟ್ಟು ದಾಟಿಕೊಂಡು ಹೋಗುತ್ತಿದ್ದೆ. ನನ್ನವನನ್ನು ಹೋಲುವ ಒಂದು ಹೆಸರು ಬಂತು, ತಂದೆಯ ಹೆಸರು ಕೂಡಲಿಲ್ಲ. ಆ ಹೆಸರನ್ನು ನಮ್ಮದು ಮಾಡಿಕೊಂಡು ಊರಿಗೆ ಬಂದು ಹೇಳಿಬಿಡಬಹುದಿತ್ತು, ಯಾರೂ ಪರೀಕ್ಷಿಸುತ್ತಿರಲಿಲ್ಲ. ಆದರೆ ಅವನು ಬೇರೆ ಮನೆಯ ಮಗ. ಅವನನ್ನೂ ಯಾರೋ ಕಾದಿದ್ದಾರು.

ನಮ್ಮಂತೆ ಹುಡುಕುವವರು ಇದ್ದಾರೆ ಎಂಬುದು ಮುಂಬೈಯಲ್ಲೇ ಗೊತ್ತಾಯಿತು. 1942ರ ನವೆಂಬರ್ 23ರಂದು ಮುಂಬೈಯಿಂದ ಆಫ್ರಿಕಾಕ್ಕೆ ಹೊರಟಿದ್ದ ಎಸ್.ಎಸ್. ತಿಲಾವಾ ಹಡಗನ್ನು ಜಪಾನಿನ ಜಲಾಂತರ್ಗಾಮಿ ಮುಳುಗಿಸಿತು, 280 ಜನ ಸತ್ತರು. ಎಂಬತ್ತು ವರ್ಷಗಳ ಬಳಿಕ, 2022ರಲ್ಲಿ, ಅವರ ಕುಟುಂಬದವರು ಮುಂಬೈಯಲ್ಲಿ ಕೂಡಿ ಅವರನ್ನು ನೆನೆದರು. ಗುಜರಾತಿನ ಮನೆತನಗಳು, ಪ್ರಯಾಣಿಕರ ಪಟ್ಟಿ ಇದ್ದವರು. ನಮ್ಮ ಬಳಿ ಪಟ್ಟಿ ಇರಲಿಲ್ಲ.

ಪಟ್ಟಿ ಇದ್ದದ್ದು ಲಂಡನ್ನಿನಲ್ಲಿ. ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಯುದ್ಧಕಾಲದ ಹಡಗುಗಳ ಕರಾರು ಪತ್ರಗಳನ್ನು ಬಿಟಿ 381 ಎಂಬ ಸರಣಿಯಲ್ಲಿ ಇಟ್ಟಿದ್ದಾರೆ. ಬೇರೆ ಎಷ್ಟೋ ವರ್ಷಗಳ ಪತ್ರಗಳು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲಾಗಿವೆ, 1939ರಿಂದ 1950ರವರೆಗಿನವು ಕ್ಯೂದಲ್ಲೇ ಉಳಿದಿವೆ. ಆದರೆ ಅಲ್ಲಿ ಮನುಷ್ಯನ ಹೆಸರು ಹೇಳಿದರೆ ಏನೂ ಸಿಗದು. ಪತ್ರಗಳನ್ನು ಜೋಡಿಸಿರುವುದು ಹಡಗಿನ ಅಧಿಕೃತ ಸಂಖ್ಯೆಯ ಮೇಲೆ. ಅಂದರೆ ಮೊದಲು ಹಡಗು ಸಿಗಬೇಕು, ಆಮೇಲೆ ಮನುಷ್ಯ. ಬಿಟಿ 389 ಎಂಬ ಇನ್ನೊಂದು ಸರಣಿಯಲ್ಲಿ ಒಂದೊಂದು ಹಡಗಿಗೂ ಒಂದು ಕಾರ್ಡು, ಯಾವ ದಿನ ಯಾವ ಬಂದರಿನಲ್ಲಿತ್ತು ಎಂದು ಬರೆದದ್ದು.

ನಮ್ಮ ಮನೆತನದ ಹುಡುಗಿಯೊಬ್ಬಳು ಇಂಗ್ಲೆಂಡಿನಲ್ಲಿ ನರ್ಸ್. ಅವಳ ರಜೆಯ ದಿನಗಳನ್ನು ನಾನು ಬೇಡಿ ತೆಗೆದುಕೊಂಡೆ. ಸಣ್ಣಾಯಿ ಕೊಟ್ಟ ಗುರುತು ಎರಡು: ಸಿಟಿ, ದಸರೆ. ಪತ್ರಗಳು ಕೊಟ್ಟದ್ದು ಒಂದು: 1941. ದಸರೆಗೆ ಮೊದಲ ಹಣ ಬಂದಿದ್ದರೆ ಅವನು ಹತ್ತಿದ್ದು ಮಳೆಗಾಲದಲ್ಲಿ. ಆ ತಿಂಗಳುಗಳಲ್ಲಿ ಮುಂಬೈಯಲ್ಲಿ ನಿಂತಿದ್ದ, ಕಲ್ಲಿದ್ದಲು ಉರಿಸುವ "ಸಿಟಿ" ಹಡಗುಗಳು ಯಾವುವು? ಕಾರ್ಡುಗಳಿಂದ ಪಟ್ಟಿ ಮಾಡಿದೆವು, ಅವಳು ಒಂದೊಂದರ ಪೆಟ್ಟಿಗೆ ತರಿಸಿ ನೋಡಿದಳು. ಎಲ್ಲ ಹಡಗುಗಳ ಲಸ್ಕರ್ ಪಟ್ಟಿಗಳು ಇರಲಿಲ್ಲ. ಇದ್ದವುಗಳ ಫೋಟೋ ತೆಗೆದು ಕಳಿಸುತ್ತಿದ್ದಳು. ರಾಯಚೂರಿನಲ್ಲಿ ರಾತ್ರಿ, ನಾನು ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ಓದುತ್ತಿದ್ದೆ.

ಒಂದು ಹಾಳೆಯಲ್ಲಿ ಅವನು ಸಿಕ್ಕ.

ಹೆಸರು ಮುರಿದಿತ್ತು, ಕೊನೆಯ "ಅಪ್ಪ" ಇನ್ನೇನೋ ಆಗಿತ್ತು. ತಂದೆಯ ಹೆಸರು ಮಾತ್ರ ಉರ್ದು ಪತ್ರದಲ್ಲಿದ್ದಂತೆಯೇ. ಊರಿನ ಕಲಮಿನಲ್ಲಿ "ದೇವದ್ರುಗ್", ಪಕ್ಕದಲ್ಲಿ ದಖನ್. ವಯಸ್ಸು ಇಪ್ಪತ್ತಮೂರು. ಕೆಲಸ ಕಲ್ಲಿದ್ದಲು ತಳ್ಳುವವನು. ಸಹಿ ಬಾರದವನ ಗುರುತು. ನನ್ನ ಕೈ ನಡುಗುತ್ತಿತ್ತು, ಆದರೂ ಒಂದು ಸಂಗತಿ ಒಪ್ಪುತ್ತಿರಲಿಲ್ಲ. ಮನೆಗೆ ಕಳಿಸಬೇಕಾದ ತಿಂಗಳ ಹಣ ಎಂಬ ಕಲಮಿನಲ್ಲಿ ಇದ್ದದ್ದು ಹನ್ನೆರಡು ರೂಪಾಯಿ. ಸಣ್ಣಾಯಿ ಹೇಳಿದ್ದು ಹದಿನಾಲ್ಕು. ಬೇರೆ ಏನು ಮರೆತರೂ ಅವಳು ಹದಿನಾಲ್ಕನ್ನು ಮರೆಯುವವಳಲ್ಲ.

ಮರುದಿನ ಉರ್ದು ಮಾಸ್ತರರ ಮನೆಗೆ ಹೋಗಿ ಹಾಳೆ ತೋರಿಸಿದೆ. ಅವರು ಕನ್ನಡಕ ತೆಗೆದು ನಕ್ಕರು. "ಮುಂಬೈ ರೊಕ್ಕ ಕಲ್ದಾರ್. ಇಲ್ಲಿ ಹಾಲಿ. ಆರು ಕಲ್ದಾರಿಗೆ ಏಳು ಹಾಲಿ ಕೊಡ್ತಿದ್ರು ನಮ್ಮ ಕಾಲಕ್ಕ." ನಿಜಾಮನ ರಾಜ್ಯಕ್ಕೆ ತನ್ನದೇ ನಾಣ್ಯ, ಬ್ರಿಟಿಷ್ ಇಂಡಿಯಾದ ನೂರು ರೂಪಾಯಿಗೆ ಇಲ್ಲಿ ನೂರಾ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ. ಆರಕ್ಕೆ ಏಳಾದರೆ ಹನ್ನೆರಡಕ್ಕೆ ಹದಿನಾಲ್ಕು. ಒಂದು ಪೈ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಡತಿಯವರು ಒಂದಾಣೆಯನ್ನೂ ಹಿಡಿದುಕೊಂಡಿರಲಿಲ್ಲ. ಓದು ಬಾರದ ಹೆಣ್ಣೊಬ್ಬಳು ಬಾಯಲ್ಲಿಟ್ಟುಕೊಂಡು ಬಂದ ಒಂದು ಸಂಖ್ಯೆ ಲಂಡನ್ನಿನ ಕಾಗದವನ್ನು ನಮ್ಮದು ಎಂದು ರುಜು ಮಾಡಿತು.

ಹಡಗಿನ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅದೇ ಹಾಳೆಯಲ್ಲಿ ಬೇರೆ ಮನೆತನಗಳವರೂ ಇದ್ದಾರೆ. ಹಡಗು ಹೋದ ದಾರಿ ಮಾತ್ರ ಹೇಳಬಹುದು. ಮೆಡಿಟರೇನಿಯನ್ ಆಗ ವ್ಯಾಪಾರಿ ಹಡಗುಗಳಿಗೆ ಮುಚ್ಚಿದಂತೆಯೇ ಇತ್ತು. ಹಾಗಾಗಿ ಆಫ್ರಿಕಾವನ್ನೆಲ್ಲ ಬಳಸಿ, ಡರ್ಬನ್, ಕೇಪ್‌ಟೌನ್, ಫ್ರೀಟೌನ್ ಮುಟ್ಟಿ, ಅಲ್ಲಿಂದ ಬೆಂಗಾವಲಿನ ಸಾಲಿನಲ್ಲಿ ಲಿವರ್‌ಪೂಲಿಗೆ. ಕೊಪ್ಪರದ ಘಾಟಿನಲ್ಲಿ ಗಳ ಹಿಡಿದು ನಿಂತಿದ್ದವನು ಆ ನೀರನ್ನು ನೋಡಿದ್ದು ಎಷ್ಟು ಹೊತ್ತು, ಕೆಳಗಿನ ಕತ್ತಲೆಯಲ್ಲಿ ಕಳೆದದ್ದು ಎಷ್ಟು ಹೊತ್ತು ಎಂದು ಕಾರ್ಡು ಹೇಳುವುದಿಲ್ಲ. ಸಮುದ್ರವಿಲ್ಲದ ಹೈದರಾಬಾದ್ ರಾಜ್ಯದ ದೊರೆ ಕೊಟ್ಟ ಹಣದ ನೆನಪಿಗೆ ಒಂದು ಯುದ್ಧನೌಕೆಗೆ ನಿಜಾಮ್ ಎಂದು ಹೆಸರಿಟ್ಟಿದ್ದರು. ಆಸ್ಟ್ರೇಲಿಯಾದ ನೌಕಾಪಡೆಯಲ್ಲಿದ್ದ ಆ ಹಡಗಿನ ಒಂದೊಂದು ಪಯಣವೂ ಪುಸ್ತಕಗಳಲ್ಲಿದೆ. ಅದೇ ರಾಜ್ಯದ ಪ್ರಜೆಯೊಬ್ಬ ಅದೇ ಯುದ್ಧದಲ್ಲಿ ಹಡಗಿನ ಒಲೆಗೆ ಕಲ್ಲಿದ್ದಲು ಹೊತ್ತದ್ದಕ್ಕೆ ಇರುವುದು ಈ ಒಂದು ಸಾಲು.

ಒಂದಲ್ಲ, ಎರಡು. 1942ರಲ್ಲಿ ಆ ಕರಾರು ಮುಗಿದು ಅದೇ ಹಡಗಿನಲ್ಲಿ ಮತ್ತೊಂದಕ್ಕೆ ಅವನ ಗುರುತು ಬಿದ್ದಿದೆ. ಅದೇ ಹನ್ನೆರಡು ರೂಪಾಯಿ. ಎರಡನೆಯ ಹಾಳೆಯ ಕೊನೆಯ ಕಲಮಿನಲ್ಲಿ ಅವನು ಹಡಗು ಬಿಟ್ಟ ತಾರೀಖು, ಸ್ಥಳ, ಕಾರಣ ಇವೆ. 1943ರ ಡಿಸೆಂಬರ್. ಮುಂಬೈ. ಕರಾರು ಮುಗಿದು ಬಿಡುಗಡೆ.

ಅವನು ಮುಳುಗಲಿಲ್ಲ. ಆ ಹಡಗೂ ಮುಳುಗಲಿಲ್ಲ. ಇಡೀ ಅಟ್ಲಾಂಟಿಕ್ ಸಾಗರ ಅವನನ್ನು ಹೋಗಿ ಬರಲು ಬಿಟ್ಟಿತು. ಕರಾರು ಮುಗಿದದ್ದಕ್ಕೆ ಮನೆಗೆ ಹೋಗುವ ಹಣ ನಿಂತಿತು, ಸತ್ತದ್ದಕ್ಕಲ್ಲ. ಸಣ್ಣಾಯಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ರೊಕ್ಕ ನಿಂತಿತ್ತು, ಅಷ್ಟೇ.

ಅಲ್ಲಿಂದಾಚೆ ಅವನ ಹೆಸರು ಎಲ್ಲೂ ಇಲ್ಲ. ನನ್ನನ್ನು ಕಾಡಿದ್ದು ಇದು. ಹಡಗಿನ ಮೇಲಿದ್ದಷ್ಟು ಕಾಲ ಕಾನೂನು ಅವನನ್ನು ಬರೆದಿಟ್ಟಿತು. ಹೆಸರು, ತಂದೆ, ಊರು, ವಯಸ್ಸು, ಕೂಲಿ, ಹತ್ತಿದ ದಿನ, ಇಳಿದ ದಿನ. ಕಾಲು ಪಾಲು ಕೂಲಿ ಕೊಟ್ಟರು, ಇಕ್ಕಟ್ಟಿನಲ್ಲಿ ಮಲಗಿಸಿದರು, ಆದರೂ ಹೆಸರು ಬರೆಸದೆ ಹತ್ತಿಸುವಂತಿರಲಿಲ್ಲ. ನೆಲದ ಮೇಲೆ ಕಾಲಿಟ್ಟ ಗಳಿಗೆಯಿಂದ ಅವನು ಮತ್ತೆ ಗುಳೆಯ ಮನುಷ್ಯ. ಹಮಾಲಿಯ ಹೆಸರನ್ನು ಯಾರು ಬರೆಯುತ್ತಾರೆ?

1944ರ ಏಪ್ರಿಲ್ 14ರಂದು ಮುಂಬೈಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿಯಿತು. ಸಾವಿರದ ನಾನೂರು ಟನ್ನಿನಷ್ಟು ಸ್ಫೋಟಕದ ಜೊತೆಯಲ್ಲೇ ಸಾವಿರಾರು ಹತ್ತಿ ಅಂಡಿಗೆ ತುಂಬಿದ್ದರು, ಹತ್ತಿಗೆ ಬೆಂಕಿ ಹತ್ತಿತ್ತು. ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಇಂದಿಗೂ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುವುದು ಅಲ್ಲಿ ಮಡಿದ ಅಗ್ನಿಶಾಮಕರ ನೆನಪಿಗೆ. ಡಾಕಿನ ಕೂಲಿಗಳಲ್ಲಿ ಗುರುತು ಸಿಗದೆ ಹೋದವರೂ ಇದ್ದರು. ಇನ್ನೊಂದು ಹಡಗಿಗಾಗಿ ಕಾಯುವ ನಾವಿಕ ಡಾಕಿನಲ್ಲಲ್ಲದೆ ಇನ್ನೆಲ್ಲಿರುತ್ತಾನೆ? ಹಾಗೆಂದು ಅವನು ಅಲ್ಲೇ ಸತ್ತ ಎನ್ನಲು ನನ್ನ ಬಳಿ ಒಂದು ಚೂರು ಕಾಗದವೂ ಇಲ್ಲ. ಆದ್ದರಿಂದ ಹಾಗೆನ್ನುವುದಿಲ್ಲ.

ಎರಡೂ ಹಾಳೆಗಳ ನಕಲು ತೆಗೆದುಕೊಂಡು ಮಾನ್ವಿಗೆ ಹೋದೆ. ಸಣ್ಣಾಯಿಯ ಅಣ್ಣನ ಮೊಮ್ಮಕ್ಕಳು, ಓಣಿಯವರು ಕೂಡಿದರು. ನಾನು ಸಾಲು ಸಾಲಾಗಿ ಓದಿ ಹೇಳಿದೆ. ಹನ್ನೆರಡು ಹದಿನಾಲ್ಕಾದ ಲೆಕ್ಕಕ್ಕೆ ಮಕ್ಕಳು ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗ ತಿಥಿ ಮಾಡಿಸೋಣ ಎಂದ, ಅವನ ತಾಯಿ ಬೇಡ ಎಂದಳು. ಆ ಮಾತು ಅಲ್ಲಿಗೆ ನಿಂತಿತು. ಹಿಂದೆ ಉಡಿ ತುಂಬಲು ಸಣ್ಣಾಯಿಯನ್ನು ಕರೆಯದಿದ್ದ ಮನೆಯ ಮುದುಕಿಯೊಬ್ಬರು ಕೋಲೂರಿಕೊಂಡು ಬಂದಿದ್ದರು. ಎಲ್ಲ ಕೇಳಿಸಿಕೊಂಡು, "ಹಂಗಾದ್ರ ಆಕಿ ಮುತ್ತೈದಿನ ಇದ್ಳು" ಎಂದರು. ಯಾರಿಗೂ ಮಾತು ಹೊರಡಲಿಲ್ಲ.

ಅಂದು ಸಂಜೆ ಗಬ್ಬೂರು ಕಡೆಯಿಂದ ಬಂದಿದ್ದ ನೆಂಟರ ಹೆಣ್ಣುಮಗಳೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದಳು. ಅವಳ ಅಣ್ಣ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವನು, ಫೋನು ಹತ್ತುವುದು ನಿಂತು ವರ್ಷಗಳಾಗಿವೆ. "ಅವಂದೂ ಹಿಂಗ ಒಂದು ಹಾಳಿ ಇರತೈತೇನ್ರಿ?" ನಾನು ಮೇಸ್ತ್ರಿಯ ಹೆಸರು ಕೇಳಿದೆ. ಗೊತ್ತಿಲ್ಲ. ಯಾವ ಕಂಪನಿಯ ಕಟ್ಟಡ? ಗೊತ್ತಿಲ್ಲ. 1979ರಲ್ಲಿ ವಲಸೆ ಕೂಲಿಗಳ ಹೆಸರು ಬರೆದಿಡಬೇಕೆಂದು ಕಾಯ್ದೆ ಬಂತು. ಅದು ರಾಜ್ಯ ದಾಟಿ ಹೋಗುವವರಿಗೆ ಮಾಡಿದ್ದು. ದೇವದುರ್ಗದಿಂದ ಬೆಂಗಳೂರಿಗೆ ಹೋದವನು ರಾಜ್ಯದ ಗಡಿ ದಾಟಲೇ ಇಲ್ಲ. ಅವಳಿಗೆ ಇದನ್ನೆಲ್ಲ ವಿವರಿಸಲು ನನಗೆ ಬಾಯಿ ಬರಲಿಲ್ಲ. ಅಣ್ಣನ ಹೆಸರು, ಆಧಾರ್ ಸಂಖ್ಯೆ, ಕೊನೆಯ ಸಲ ಫೋನು ಮಾಡಿದ ನಂಬರು ಬರೆದುಕೊಂಡೆ. ಕಾಣೆಯಾದವರ ದೂರನ್ನು ಮೊದಲು ಪೊಲೀಸ್ ಠಾಣೆಯಲ್ಲಿ ಬರೆಸಬೇಕು, ನಾನೂ ಬರುತ್ತೇನೆ ಎಂದೆ. ಮುಂದಿನ ವಾರ ಹೋಗಿ ಬರೆಸಿ ಬಂದೆವು.

ಈಗ ನಾನು ಹುಡುಕುತ್ತಿರುವುದು 1944ರ ಮುಂಬೈಯನ್ನು. ಡಾಕಿನ ಹತ್ತಿರದ ವಾರ್ಡುಗಳ ಸಾವಿನ ರಿಜಿಸ್ಟರು, ಆಸ್ಪತ್ರೆಗೆ ಸೇರಿದವರ ಪುಸ್ತಕ, ಬೇರೆ ಕಂಪನಿಯ ಹಡಗು ಹತ್ತಿರಬಹುದಾದ ಕರಾರುಗಳು. ಇಂಗ್ಲೆಂಡಿನ ಹುಡುಗಿ 1944ರ ಮೊದಲ ತಿಂಗಳುಗಳಲ್ಲಿ ಮುಂಬೈ ಬಿಟ್ಟ ಹಡಗುಗಳ ಕಾರ್ಡು ತೆಗೆಸಲು ಒಪ್ಪಿದ್ದಾಳೆ. ಮುಂಬೈಗೆ ಕಳಿಸಬೇಕಾದ ಅರ್ಜಿಯಲ್ಲಿ "ಮೃತರ ಹೆಸರು" ಎಂಬ ಕಲಮಿದೆ. ಅದನ್ನು ಖಾಲಿ ಬಿಟ್ಟು, ಜೊತೆಗೊಂದು ಬೇರೆ ಹಾಳೆ ಇಟ್ಟು, ಅವನ ಹೆಸರನ್ನು ನಮ್ಮ ಮನೆಯಲ್ಲಿ ಕರೆಯುತ್ತಿದ್ದಂತೆ, ಉರ್ದು ಪತ್ರದಲ್ಲಿದ್ದಂತೆ, ಹಡಗಿನ ಪಟ್ಟಿಯಲ್ಲಿದ್ದಂತೆ ಬರೆದಿದ್ದೇನೆ. ಹೆಂಡತಿಯ ಊರು ಮಾನ್ವಿ ಎಂದೂ ಸೇರಿಸಿದ್ದೇನೆ.